ಮೇಷ್ಟ್ರು ‘ಒನೆಗೈಶಿಮಸ್’ ಅಂದಾಗ

ಹೋದ ವರ್ಷ ಜೂನ್ ತಿಂಗಳು. ಶಾಲೆ ಶುರುವಾಗಿ ವಾರವಾಗಿತ್ತು. ನನ್ನ ಕರಾಟೆ ಕ್ಲಾಸಿಗೆ ಬರುವ ಆರು ವರ್ಷದ ಹುಡುಗನೊಬ್ಬನ ಅಜ್ಜಿ, ಎಲ್ಲ ಮಕ್ಕಳೂ ಹೋಗುವವರೆಗೆ ಮೆಟ್ಟಿಲ ಹತ್ತಿರ ಕಾದು ನಿಂತಿದ್ದರು. ಆಮೇಲೆ ಬಂದು, "ಮೇಷ್ಟ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದರು. ಮೊಮ್ಮಗ ದಿನಾ ಸಂಜೆ ಮನೆಯಲ್ಲಿ ಕರಾಟೆ ಆಟ ಆಡುತ್ತಾನಂತೆ. ಅವನು ಮೇಷ್ಟ್ರು. ಅಜ್ಜಿ ಮತ್ತು ಮೂರು ವರ್ಷದ ತಂಗಿ ಶಿಷ್ಯರು. ಇಬ್ಬರನ್ನೂ ಹಜಾರದಲ್ಲಿ ಸಾಲಾಗಿ ನಿಲ್ಲಿಸುತ್ತಾನೆ. ಕೈ ಹಿಂದೆ ಕಟ್ಟಿ, ಹುಬ್ಬು ಗಂಟು ಹಾಕಿ, "ಕಿಯೋತ್ಸ್ಕೆ! ಯಮೆ! ಮವತ್ತೆ!" ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಾನೆ. ತಂಗಿ ಅಳುತ್ತಾಳೆ. "ಅದೆಲ್ಲ ಜಪಾನಿನ ಬೈಗುಳವಾ ಮೇಷ್ಟ್ರೇ? ಮಗು ಬಾಯಲ್ಲಿ ಬೇಡ ಅಂತ..." ಅಂದು ಅಜ್ಜಿ ಅರ್ಧಕ್ಕೇ ನಿಲ್ಲಿಸಿದರು.

ಬೈಗುಳ ಅಲ್ಲಮ್ಮ ಅಂದೆ. ಯಮೆ ಅಂದರೆ ನಿಲ್ಲಿಸಿ ಅಂತ. ಮವತ್ತೆ ಅಂದರೆ ತಿರುಗಿ ಅಂತ. ಕಿಯೋತ್ಸ್ಕೆ ಅಂದರೆ ನೆಟ್ಟಗೆ ನಿಂತು ಗಮನ ಕೊಡಿ ಅಂತ. "ಹಂಗಾದ್ರೆ ಸರಿ ಬಿಡಿ" ಅಂದು ಅವರು ಹೊರಟರು. ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಆ ಹುಡುಗ ಏನನ್ನೂ ತಪ್ಪು ತಿಳಿದುಕೊಂಡಿರಲಿಲ್ಲ. ಪದದ ಅರ್ಥ ಅವನಿಗೆ ನಾನು ಹೇಳಿಕೊಟ್ಟಿರಲಿಲ್ಲ. ನನ್ನ ಮುಖ ನೋಡಿ, ನನ್ನ ದನಿ ಕೇಳಿ ಅರ್ಥ ಮಾಡಿಕೊಂಡಿದ್ದ. ಹುಬ್ಬು ಗಂಟು ಹಾಕಿದ್ದು ನಾನು. ಕೈ ಹಿಂದೆ ಕಟ್ಟಿದ್ದೂ ನಾನೇ. ಅಜ್ಜಿ ಕೇಳಿದ್ದು ಆ ಮಗುವಿನ ಬಗ್ಗೆ ಅಲ್ಲ, ನನ್ನ ಬಗ್ಗೆ.

ಮೈಸೂರಿನಲ್ಲಿ ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ ಹನ್ನೆರಡು ವರ್ಷದಿಂದ ಕರಾಟೆ ಹೇಳಿಕೊಡುತ್ತಿದ್ದೇನೆ. ಆ ದಿನ ರಾತ್ರಿ ಒಂದು ಹಾಳೆಯಲ್ಲಿ, ಕ್ಲಾಸಿನಲ್ಲಿ ನಾನು ಬಳಸುವ ಜಪಾನೀಸ್ ಪದಗಳನ್ನೆಲ್ಲ ಬರೆದೆ. ಒಂದರಿಂದ ಹತ್ತರವರೆಗೆ ಎಣಿಕೆ. ಪಂಚು, ಕಿಕ್ಕು, ಬ್ಲಾಕುಗಳ ಹೆಸರು. ಕಟಾಗಳ, ಅಂದರೆ ಕ್ರಮವಾಗಿ ಜೋಡಿಸಿದ ಚಲನೆಗಳ, ಹೆಸರು. ಮಿಕ್ಕದ್ದೆಲ್ಲ ಹುಕುಂ. ಕೇಳಿಕೊಳ್ಳುವ ಮಾತು ಒಂದೂ ಇರಲಿಲ್ಲ. ನನ್ನ ಗುರುಗಳು ನನಗೆ ಕಲಿಸಿದ್ದು ಅಷ್ಟೇ, ಅವರಿಗೆ ಅವರ ಗುರುಗಳು ಕಲಿಸಿದ್ದೂ ಅಷ್ಟೇ. ನಮ್ಮವರೆಗೆ ಬರುವಷ್ಟರಲ್ಲಿ ಒಂದು ಇಡೀ ಭಾಷೆ ಇಪ್ಪತ್ತು ಮೂವತ್ತು ಪದಕ್ಕೆ ಇಳಿದಿತ್ತು, ಅಷ್ಟೂ ಕೂಗುವ ಪದಗಳೇ. ಆದರೆ ಬೇರೆ ಮಾತುಗಳೂ ಇದ್ದವು. ನಾನೇ ಅವನ್ನು ಕಿವಿಯಾರೆ ಕೇಳಿದ್ದೆ. ಬರುವಾಗ ಅಲ್ಲೇ ಮರೆತು ಬಂದಿದ್ದೆ.

ನಾಹಾದಲ್ಲಿ ಕೇಳಿದ್ದು

2018ರ ನವೆಂಬರ್‌ನಲ್ಲಿ ಹದಿನೆಂಟು ದಿನ, ಕರಾಟೆ ಹುಟ್ಟಿದ ಜಪಾನಿನ ಓಕಿನಾವಾ ದ್ವೀಪದ ನಾಹಾ ಊರಿನಲ್ಲಿದ್ದೆ. ಹೋಗುವ ಮುಂಚೆ ಆರು ತಿಂಗಳು ಭಾನುವಾರಗಳಲ್ಲಿ ಜಪಾನೀಸ್ ಕಲಿತಿದ್ದೆ. ಮಾತಾಡಲು ಬರುತ್ತಿರಲಿಲ್ಲ, ಆದರೆ ವಾಕ್ಯದ ಕೊನೆ ಕಿವಿಗೆ ಬಿದ್ದರೆ ಗೊತ್ತಾಗುತ್ತಿತ್ತು. ನಾನು ಅಭ್ಯಾಸಕ್ಕೆ ಹೋಗುತ್ತಿದ್ದದ್ದು ಗೋಜು-ರ್‍ಯು ಪದ್ಧತಿಯ ಒಂದು ಸಣ್ಣ ಡೋಜೋಗೆ, ಅಂದರೆ ಕರಾಟೆ ಅಭ್ಯಾಸದ ಮನೆಗೆ. ಮೇಲೆ ಗುರುಗಳ ಮನೆ, ಕೆಳಗೆ ಮರದ ನೆಲದ ಒಂದು ಕೋಣೆ. ಗೋಡೆಗೆ ಒರಗಿಸಿದ ಚಿ-ಇಶಿ, ಅಂದರೆ ಕಲ್ಲಿಗೆ ಮರದ ಹಿಡಿ ಹಾಕಿದ್ದು, ನಮ್ಮ ಗರಡಿಮನೆಯ ಗದೆಯ ಗಿಡ್ಡ ತಮ್ಮನ ಹಾಗೆ. ಬಾಯಿ ಹಿಡಿದು ಎತ್ತಿ ನಡೆಯುವ ಮಣ್ಣಿನ ಜಾಡಿಗಳು. ಗುರುಗಳಿಗೆ ಎಪ್ಪತ್ತು ದಾಟಿತ್ತು. ಸಂಜೆ ಬರುತ್ತಿದ್ದವರು ಐದಾರು ಜನ. ಒಬ್ಬರು ಟ್ಯಾಕ್ಸಿ ಓಡಿಸುವವರು, ಒಬ್ಬಳು ಹೈಸ್ಕೂಲ್ ಹುಡುಗಿ, ಒಬ್ಬರು ಅರವತ್ತು ದಾಟಿದ ಹೆಂಗಸು. ಅವರು ಸೇರಿ ಎರಡು ತಿಂಗಳಾಗಿತ್ತಷ್ಟೇ, ಬಿಳಿ ಬೆಲ್ಟು.

ಮೊದಲ ದಿನ ಎಲ್ಲರೂ ಮಂಡಿಯೂರಿ ಕೂತೆವು. ಕೈ ನೆಲಕ್ಕೆ ಊರಿ ಬಗ್ಗಿ "ಒನೆಗೈಶಿಮಸ್" ಅಂದೆವು. ದಯವಿಟ್ಟು, ಕೇಳಿಕೊಳ್ಳುತ್ತೇನೆ ಅನ್ನುವ ಮಾತು ಅದು. ‘ನೆಗಾಯ್’ ಅಂದರೆ ಬೇಡಿಕೆ, ಹರಕೆ. ಶಿಷ್ಯರು ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಆದರೆ ನಮ್ಮ ದನಿಯ ಜೊತೆಗೇ ಎದುರಿನಿಂದ ಇನ್ನೊಂದು ದನಿ ಬಂತು. ಗುರುಗಳೂ ನಮ್ಮಷ್ಟೇ ಬಗ್ಗಿ, ಅದೇ ಮಾತು ಹೇಳಿದ್ದರು. ಎರಡು ತಿಂಗಳ ಬಿಳಿ ಬೆಲ್ಟಿನ ಎದುರು, ಐವತ್ತು ವರ್ಷ ಅಭ್ಯಾಸ ಮಾಡಿದ ಮನುಷ್ಯ, ಕೇಳಿಕೊಳ್ಳುತ್ತೇನೆ ಅಂದರು. ಏನು ಕೇಳಿಕೊಳ್ಳುತ್ತಿದ್ದಾರೆ ಅಂತ ಆವತ್ತು ನನಗೆ ಹೊಳೆಯಲಿಲ್ಲ.

ಅದೇ ದಿನ ಅವರು ಏನೋ ಹೇಳಿದ್ದಕ್ಕೆ ನಾನು ಅಭ್ಯಾಸಬಲದಿಂದ ಜೋರಾಗಿ "ಓಸ್!" ಅಂದೆ. ಕೋಣೆ ಒಂದು ಕ್ಷಣ ಸುಮ್ಮನಾಯಿತು. ಗುರುಗಳು ಏನೂ ಅನ್ನಲಿಲ್ಲ. ಕ್ಲಾಸು ಮುಗಿದು ನೆಲ ಒರೆಸುವಾಗ ಟ್ಯಾಕ್ಸಿಯವರು ಪಕ್ಕಕ್ಕೆ ಬಂದು, ನನಗೆ ಅರ್ಥವಾಗುವಷ್ಟು ನಿಧಾನವಾಗಿ, "ಇಲ್ಲಿ ‘ಹಾಯ್’ ಅಂದ್ರೆ ಸಾಕು" ಅಂದರು. ಹಾಯ್ ಅಂದರೆ ಹೌದು, ಆಗಲಿ. ಓಸ್ ಅನ್ನುವುದು ಕೆಲವು ಪದ್ಧತಿಗಳಲ್ಲಿ, ಮುಖ್ಯವಾಗಿ ಕ್ಯೊಕುಶಿನ್‌ನಲ್ಲಿ, ಉಸಿರಿನಷ್ಟೇ ಸಹಜ. ಆದರೆ ಜಪಾನಿನಲ್ಲಿ ಅದು ಹುಡುಗರು ಹುಡುಗರು ಆಡುವ ಒರಟು ಮಾತು. ಹಿರಿಯರ ಮುಂದೆ, ಹೊರಗಿನವರ ಮುಂದೆ ಅದು ಹೊಂದುವುದಿಲ್ಲ. ನಮ್ಮೂರಿನಲ್ಲಿ ಮಕ್ಕಳ ಬಾಯಿಂದ ನೀರು ಬೇಕು ಅನ್ನುವುದಕ್ಕೂ ಓಸ್, ಬಾತ್‌ರೂಮಿಗೆ ಹೋಗಲಾ ಅನ್ನುವುದಕ್ಕೂ ಓಸ್ ಅನ್ನಿಸುತ್ತೇವೆ. ಅದೇ ಅತಿ ದೊಡ್ಡ ಮರ್ಯಾದೆ ಅಂದುಕೊಂಡಿದ್ದೇವೆ.

ನಾಲ್ಕನೇ ದಿನ ಸಾಂಚಿನ್ ಕಟಾ ಮಾಡುತ್ತಿದ್ದೆವು. ನೋಡುವವರಿಗೆ ಅದರಲ್ಲಿ ಏನೂ ಇಲ್ಲ. ಮೂರು ಹೆಜ್ಜೆ ಮುಂದೆ, ನಿಧಾನದ ಉಸಿರು, ಬಿಗಿಹಿಡಿದ ಮೈ. ನಾನು ಭುಜ ಎತ್ತಿಕೊಂಡಿದ್ದೆ. ಅದು ನನ್ನ ಹಳೇ ರೋಗ. ಹತ್ತು ವರ್ಷ ನನ್ನ ಗುರುಗಳು "ಭುಜ! ಭುಜ!" ಅಂತ ಕೂಗಿದ್ದಾರೆ. ಅವರು ಕೂಗಿದಷ್ಟೂ ಅದು ಇನ್ನಷ್ಟು ಏರುತ್ತಿತ್ತು. ಆವತ್ತು ಬೆನ್ನ ಹಿಂದೆ ಕಾಲಿನ ಸದ್ದು ಕೇಳಿತು. ಆಮೇಲೆ ಮೆಲ್ಲಗೆ, "ಚೊತ್ತೊ ಶಿತ್ಸುರೇಯ್" ಅನ್ನುವ ದನಿ. ಸ್ವಲ್ಪ ಕ್ಷಮಿಸಿ, ಅಂತ. ನನ್ನ ಮೈ ಮುಟ್ಟುವ ಮೊದಲು ಅಪ್ಪಣೆ ಕೇಳಿದ್ದರು. ಎರಡು ಬೆಚ್ಚನೆಯ ಅಂಗೈ ಭುಜದ ಮೇಲೆ ಕೂತವು. ಒತ್ತಲಿಲ್ಲ, ಸುಮ್ನೆ ಇಟ್ಟರು. "ಕತ ನೊ ಚಿಕರ ಓ ನುಯ್ತೆ ಕುದಸೈ" ಅಂದರು. ಭುಜದ ಬಿಗಿ ಬಿಟ್ಟುಕೊಡಿ. ನನ್ನ ಉಸಿರು ಹೊರಗೆ ಹೋಯಿತು, ಅದರ ಹಿಂದೆಯೇ ಭುಜವೂ ಇಳಿಯಿತು. "ಸೋ, ಸೋ" ಅಂದರು. ಹಾಂ, ಹಾಗೇ, ಹಾಗೇ. ಇಷ್ಟು ಬರೆಯುವಾಗಲೂ ನನಗೆ ಆ ಅಂಗೈ ನೆನಪಾಗುತ್ತದೆ.

ಅಲ್ಲಿಂದ ಮುಂದೆ ನಾನು ಕರಾಟೆಗಿಂತ ಜಾಸ್ತಿ ಅವರ ಮಾತು ಗಮನಿಸತೊಡಗಿದೆ. ಹೈಸ್ಕೂಲ್ ಹುಡುಗಿ ಒದ್ದು ಸಮತೋಲ ತಪ್ಪಿದಾಗ "ಒಶೀ!" ಅನ್ನುತ್ತಿದ್ದರು. ಅಯ್ಯೋ, ಒಂಚೂರಿನಲ್ಲಿ ತಪ್ಪಿತಲ್ಲ ಅನ್ನುವ ಮಾತು. ತಪ್ಪು ಅಂತ ಹೇಳಿದರು, ಆದರೆ ಹತ್ತಿರ ಬಂದಿದ್ದೀಯ ಅಂತಲೂ ಹೇಳಿದರು. ಹಿಂದೆಯೇ "ಮೋ ಇಚಿದೊ", ಇನ್ನೊಂದು ಸಲ. ಅರವತ್ತು ದಾಟಿದ ಆ ಹೆಂಗಸಿಗೆ ಮಂಡಿ ಬಗ್ಗಿಸುವುದು ಕಷ್ಟ. ಅವರ ಹತ್ತಿರ "ಮುರಿ ಶಿನೈದೆ ಕುದಸೈ" ಅನ್ನುತ್ತಿದ್ದರು. ಬಲವಂತ ಮಾಡ್ಕೋಬೇಡಿ, ಆದಷ್ಟು. ಅದಕ್ಕೂ ಮೊದಲು ಎಲ್ಲರಿಗೂ "ಯತ್ತೆ ಮಿಮಶೋ". ಮಾಡಿ ನೋಡೋಣ.

ಇಷ್ಟು ಹೇಳಿದರೆ ಅವರು ದನಿ ಎತ್ತುತ್ತಲೇ ಇರಲಿಲ್ಲ ಅಂದುಕೊಳ್ಳಬೇಡಿ. ಎಣಿಸುವಾಗ ಕಿಟಕಿ ಅದುರುತ್ತಿತ್ತು. "ಯಮೆ" ಅಂದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಒಬ್ಬರ ಮುಷ್ಟಿ ಇನ್ನೊಬ್ಬರ ಮೂಗಿನ ಹತ್ತಿರ ಇರುವಾಗ ಉದ್ದ ವಾಕ್ಯಕ್ಕೆ ಸಮಯವಿಲ್ಲ. ಆದರೆ ಹುಕುಂ ಇದ್ದದ್ದು ಇಡೀ ಕೋಣೆಗೆ. ಒಬ್ಬ ಮನುಷ್ಯನ ಕಡೆ ತಿರುಗಿದ ತಕ್ಷಣ ವಾಕ್ಯದ ಬಾಲ ಬದಲಾಗುತ್ತಿತ್ತು.

ಮಾಡಿ ಕೊಡಿ, ಮಾಡಿ ನೋಡಿ

ಈ ಬಾಲದ ವಿಷಯ ಕನ್ನಡದವರಿಗೆ ಬೇಗ ತಲೆಗೆ ಹತ್ತುತ್ತದೆ. ಜಪಾನೀಸ್‌ನಲ್ಲೂ ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಬರುತ್ತದೆ, ಮರ್ಯಾದೆ ಇರುವುದೂ ಅಲ್ಲೇ. ಕೂತ್ಕೊ ಅನ್ನುವುದನ್ನೇ ತೆಗೆದುಕೊಳ್ಳಿ. "ಸುವರೆ" ಅಂದರೆ ಗದರಿಕೆ. "ಸುವರಿನಸೈ" ಅಂದರೆ ಅಮ್ಮ ಮಗುವಿಗೆ, ಟೀಚರು ಪುಟ್ಟ ಮಕ್ಕಳಿಗೆ ಹೇಳುವ ಮಾತು. ದೊಡ್ಡವರಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ. "ಸುವತ್ತೆ" ಅಂದರೆ ಸಲುಗೆಯ ಕೂತ್ಕೊಳಿ. "ಸುವತ್ತೆ ಕುದಸೈ" ಅಂದರೆ ದಯವಿಟ್ಟು ಕೂತ್ಕೊಳಿ.

ಈ ಕುದಸೈ ಅನ್ನುವ ಪದದ ಹೊಟ್ಟೆಯಲ್ಲಿ ಕೊಡುವುದು ಅನ್ನುವ ಅರ್ಥವಿದೆ. ಬರೀ ಕೊಡುವುದಲ್ಲ, ಮೇಲಿರುವವರು ಕೆಳಗಿರುವವರಿಗೆ ದಯಪಾಲಿಸುವುದು. "ಹಿಜ ಓ ಮಗೆತೆ ಕುದಸೈ" ಅನ್ನುವುದನ್ನು ಪದಕ್ಕೆ ಪದ ಇಟ್ಟರೆ, ಮಂಡಿ ಬಗ್ಗಿಸಿ ಕೊಡಿ ಅಂತ ಬರುತ್ತದೆ. ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಫಾರಂ ಹಿಡಿದು "ಸಾರ್, ಸ್ವಲ್ಪ ಬರ್ಕೊಡಿ" ಅಂತ ಕೇಳುತ್ತೇವಲ್ಲ, ಅದೇ ಕಟ್ಟು. ಅಲ್ಲಿ ಕೇಳುವವನು ಕೆಳಗೆ, ಕೊಡುವವನು ಮೇಲೆ. ಗುರುಗಳು ಶಿಷ್ಯನಿಗೆ ಕುದಸೈ ಅಂದಾಗ, ಆ ಒಂದು ಕ್ಷಣ ವ್ಯಾಕರಣದಲ್ಲಾದರೂ ಶಿಷ್ಯ ಮೇಲಿರುತ್ತಾನೆ. ಮಂಡಿ ಅವನದು. ಬಗ್ಗಿಸುವುದು ಬಿಡುವುದು ಅವನ ಕೈಯಲ್ಲಿದೆ. ಇವರು ಕೇಳಬಹುದು ಅಷ್ಟೇ. ದಿನಾ ನೂರು ಸಲ ಹೇಳುವ ಮಾತಿನಲ್ಲಿ ಜಪಾನಿನವರು ಇದನ್ನೆಲ್ಲ ಯೋಚಿಸುವುದಿಲ್ಲ, ನಿಜ. ನಾವು ಬರ್ಕೊಡಿ ಅನ್ನುವಾಗ ಯೋಚಿಸುತ್ತೇವಾ? ಆದರೂ ಆ ಮಾತು ನಮ್ಮ ದನಿಯನ್ನು ತಾನಾಗಿ ಇಳಿಸುತ್ತದೆ. ಬರ್ಕೊಡಿ ಅನ್ನುವುದನ್ನು ಹುಬ್ಬು ಗಂಟು ಹಾಕಿ ಕೂಗಿ ನೋಡಿ, ಆಗುವುದಿಲ್ಲ.

ಇದಕ್ಕಿಂತ ನನಗೆ ಇಷ್ಟವಾದದ್ದು "ಯತ್ತೆ ಮಿತೆ ಕುದಸೈ". ಯತ್ತೆ ಅಂದರೆ ಮಾಡಿ. ಮಿತೆ ಅಂದರೆ ನೋಡಿ. ಮಾಡಿ ನೋಡಿ! ಸಾವಿರಾರು ಮೈಲಿ ದೂರದ, ನಮಗೆ ನೆಂಟರಲ್ಲದ ಭಾಷೆಯಲ್ಲಿ, ಪ್ರಯತ್ನ ಪಡುವುದಕ್ಕೆ ನಮ್ಮ ಹಾಗೇ ‘ನೋಡು’ ಅನ್ನುತ್ತಾರೆ. ಮೊದಲ ಸಲ ಇದು ಹೊಳೆದಾಗ ನಾಹಾದ ಮೊನೊರೈಲಿನಲ್ಲಿ ಕೂತಿದ್ದೆ, ಖುಷಿಗೆ ಕಣ್ಣಲ್ಲಿ ನೀರು ಬಂತು. ಮಾಡು ಅನ್ನುವುದಕ್ಕೂ ಮಾಡಿ ನೋಡು ಅನ್ನುವುದಕ್ಕೂ ಎಷ್ಟು ವ್ಯತ್ಯಾಸ! ಮಾಡು ಅಂದರೆ ಆಗಲೇಬೇಕು. ಮಾಡಿ ನೋಡು ಅಂದರೆ ಆಗದಿದ್ದರೂ ಪರವಾಗಿಲ್ಲ. ಹೊಸ ಒದೆತ ಕಲಿಯುವ ಮಗುವಿಗೆ ಬೇಕಾದ್ದು ಆ ಜಾಗ. ಬೀಳುವ ಜಾಗ. ನನ್ನ ಅಮ್ಮ ನನಗೆ ಚಪಾತಿ ಲಟ್ಟಿಸಲು ಕಲಿಸಿದ್ದು "ಮಾಡಿ ನೋಡೋ" ಅಂತಲೇ. ಕರಾಟೆ ಬಟ್ಟೆ ಹಾಕಿಕೊಂಡ ತಕ್ಷಣ ನಾನು ಆ ಕನ್ನಡ ಮರೆತು ಹೋಗಿದ್ದೆ.

ಉಳಿದವೂ ಹೀಗೇ ಜೋಡಿ ಜೋಡಿಯಾಗಿ ಸಿಗುತ್ತವೆ. "ಶಿಮಶೋ" ಅಂದರೆ ಮಾಡೋಣ. "ಚೊತ್ತೊ" ಅಂದರೆ ನಮ್ಮ ಸ್ವಲ್ಪ. ಅಳತೆಯ ಸ್ವಲ್ಪ ಅಲ್ಲ, ಸ್ವಲ್ಪ ತಾಳಿ, ಸ್ವಲ್ಪ ಸರೀರಿ ಅನ್ನುವ ಮೆದು ಸ್ವಲ್ಪ. ವಾಕ್ಯದ ಕೊನೆಯ "ನೆ" ಅಂದರೆ ಅಲ್ವಾ. ಜಪಾನಿಗೆ ಇಲ್ಲದ್ದೂ ನಮ್ಮ ಹತ್ತಿರ ಇದೆ. ಬಗ್ಗು ಅನ್ನುವುದು ಹುಕುಂ, ಬಗ್ಗಪ್ಪ ಅಂದರೆ ಅದೇ ಹುಕುಂ ಮಡಿಲಲ್ಲಿ ಕೂರಿಸಿಕೊಳ್ಳುತ್ತದೆ. ಆರು ವರ್ಷದ ಮಗುವನ್ನೂ ಅಪ್ಪ, ಅಮ್ಮ ಅಂತ ಕರೆಯುವ ಭಾಷೆ ನಮ್ಮದು.

ಇನ್ನೂ ಒಂದು. ನಮ್ಮ ಹುಡುಗ ಅಜ್ಜಿಯ ಮೇಲೆ ಕೂಗುತ್ತಿದ್ದ ಮವತ್ತೆ ಕೂಡ ಸುವತ್ತೆ, ಯತ್ತೆಗಳ ಹಾಗೆ ‘ತೆ’ಯಲ್ಲಿ ಮುಗಿಯುವ ರೂಪವೇ. ಕನ್ನಡದಲ್ಲಿ ಅದಕ್ಕೆ ಸರಿಯಾದ ಪದ ‘ತಿರುಗಿ’. ತಿರುಗು ಅಲ್ಲ. ಯಮೆ ಕೂಡ ಒರಟಲ್ಲ. ಒರಟಾಗಿ ಹೇಳಬೇಕಿದ್ದರೆ "ಯಮೆರೊ" ಅನ್ನಬೇಕಿತ್ತು. ಡೋಜೋದ ಯಮೆ, ಹಜಿಮೆ ಎರಡೂ ಬಾಲ ಕತ್ತರಿಸಿದ ರೂಪಗಳು, ನಮ್ಮ ‘ಸಾಕು’, ‘ಶುರು’ ಇದ್ದ ಹಾಗೆ. ಅಂದರೆ ಪದಗಳಲ್ಲಿ ಬೈಗುಳ ಇರಲೇ ಇಲ್ಲ. ಅದನ್ನು ನಾವು ಹಾಕಿದೆವು.

ಸಾವಧಾನ್, ವಿಶ್ರಾಮ್

ನಾವಷ್ಟೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಕಿಯೋತ್ಸ್ಕೆ, ಯಸುಮೆ (ಆರಾಮಾಗಿ ನಿಲ್ಲಿ), ಇವು ಓಕಿನಾವಾದ ಹಳೇ ಕರಾಟೆಯ ಪದಗಳೇ ಅಲ್ಲ. ಶಾಲೆಯ ಕವಾಯತಿನ, ಸೈನ್ಯದ ಪದಗಳು. 1879ರಲ್ಲಿ ಜಪಾನ್ ಸರಕಾರ ರ್‍ಯುಕ್ಯು ರಾಜ್ಯವನ್ನು ಮುಗಿಸಿ ಓಕಿನಾವಾ ಪ್ರಾಂತ ಮಾಡಿತು. ಶಾಲೆಗಳು ಬಂದವು, ಶಾಲೆಯಲ್ಲಿ ಜಪಾನೀಸ್ ಬಂತು. ಮಕ್ಕಳು ಮನೆಮಾತು ಉಚಿನಾಗುಚಿ ಆಡಿದರೆ ಕೊರಳಿಗೆ ಒಂದು ಮರದ ಹಲಗೆ ನೇತುಹಾಕುತ್ತಿದ್ದರು. ಮುಂದೆ ಇನ್ನೊಬ್ಬ ಮಗು ಅದೇ ತಪ್ಪು ಮಾಡುವವರೆಗೆ ಅದನ್ನು ಹೊತ್ತಿರಬೇಕು. ಅಲ್ಲಿಯವರೆಗೆ ಕರಾಟೆ ಅಂದರೆ ಒಬ್ಬ ಗುರು, ಒಬ್ಬಿಬ್ಬರು ಶಿಷ್ಯರು, ಯಾರದೋ ಹಿತ್ತಿಲು. 1900ರ ನಂತರದ ವರ್ಷಗಳಲ್ಲಿ ಇತೊಸು ಆಂಕೊ ಅನ್ನುವ ಹಿರಿಯರು ಅದನ್ನು ಶಾಲೆಗೆ ತಂದರು. 1908ರಲ್ಲಿ ಅವರು ಬರೆದ ಪತ್ರದಲ್ಲಿ, ಇದು ಸೈನ್ಯಕ್ಕೂ ಉಪಯೋಗ ಅನ್ನುವ ಮಾತೂ ಇದೆ. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮೇಲೆ ಒಬ್ಬೊಬ್ಬರ ಭುಜದ ಮೇಲೆ ಅಂಗೈ ಇಡಲು ಆಗುತ್ತದಾ? ಎಣಿಕೆ ಬಂತು, ಹುಕುಂ ಬಂತು. 1922ರಲ್ಲಿ ಫುನಾಕೊಶಿ ಗಿಚಿನ್ ಟೋಕಿಯೊಗೆ ಹೋದ ಮೇಲೆ ಯೂನಿವರ್ಸಿಟಿ ಕ್ಲಬ್ಬುಗಳಲ್ಲಿ ಆ ಸಾಲು ಇನ್ನೂ ಉದ್ದವಾಯಿತು. ನಮಗೆ ತಲುಪಿದ್ದು ಆ ಸಾಲಿನ ಕರಾಟೆ.

ನಮ್ಮ ಸರಕಾರಿ ಶಾಲೆಯ ಮೈದಾನ ನೆನಪಾಯಿತು. ಕನ್ನಡ ಮೀಡಿಯಂ. ಹಿಂದಿ ಒಂದಕ್ಷರ ಬಾರದ ಪಿಟಿ ಮೇಷ್ಟ್ರು, ಹಿಂದಿ ಒಂದಕ್ಷರ ಬಾರದ ನಾವು. "ಸಾವಧಾನ್! ವಿಶ್ರಾಮ್!" ಆ ಎರಡು ಪದಗಳ ಅರ್ಥ ನಾನು ಯೋಚಿಸಿದ್ದು ಕಾಲೇಜಿಗೆ ಬಂದ ಮೇಲೆ. ಸಾವಧಾನ, ವಿಶ್ರಾಂತಿ. ಕನ್ನಡದಲ್ಲಿ ಎಷ್ಟು ತಣ್ಣನೆಯ ಪದಗಳು! ನಿಧಾನವಾಗಿ ಓದಿಕೋ, ವಿಶ್ರಾಂತಿ ತಗೋ ಅಂತ ಮನೆಯಲ್ಲಿ ಹೇಳುವ ಪದಗಳು. ಮೈದಾನದಲ್ಲಿ ಅವು ಬೆತ್ತದ ಸದ್ದಿನ ಹಾಗೆ ಕೇಳುತ್ತಿದ್ದವು.

ಜಪಾನಿನಲ್ಲಿ ಎಲ್ಲ ಗುರುಗಳೂ ನಾಹಾದ ಆ ಹಿರಿಯರ ಹಾಗೆ ಅಂತ ನಾನು ಹೇಳುವುದಿಲ್ಲ. 2013ರ ಶುರುವಿನಲ್ಲಿ ಅಲ್ಲಿನ ರಾಷ್ಟ್ರೀಯ ಮಹಿಳಾ ಜೂಡೋ ತಂಡದ 15 ಜನ, ತಮ್ಮ ಕೋಚು ಹೊಡೆದು ಬೈದು ಹಿಂಸೆ ಮಾಡುತ್ತಾರೆ ಅಂತ ದೂರು ಕೊಟ್ಟಿದ್ದು ಬಹಿರಂಗವಾಗಿ ದೇಶವೇ ತಲೆ ತಗ್ಗಿಸಿತು. ಜೂಡೋ ಎಲ್ಲಿ ಶುರುವಾಯಿತೋ, ನಮಸ್ಕಾರದಿಂದ ಶುರು, ನಮಸ್ಕಾರದಿಂದ ಮುಕ್ತಾಯ ಅಂತ ಎಲ್ಲಿ ಹೇಳುತ್ತಾರೋ, ಅಲ್ಲೇ ಹಾಗಾಯಿತು. ಬಗ್ಗಿ ಒನೆಗೈಶಿಮಸ್ ಅಂದು, ಎದ್ದು ಕಪಾಳಕ್ಕೆ ಹೊಡೆಯಬಹುದು. ಅದಕ್ಕೇ ಬರೀ ಪದಗಳ ಪಟ್ಟಿ ತಂದು ಗೋಡೆಗೆ ಅಂಟಿಸಿದರೆ ಕೆಲಸ ಆಗುವುದಿಲ್ಲ ಅಂತ ನನಗನ್ನಿಸುತ್ತದೆ. ಪದ ಇಲ್ಲದಿದ್ದರೂ ಆಗುವುದಿಲ್ಲ. ಮೆದುವಾಗಿ ಕೇಳಬೇಕು ಅಂತ ಮನಸ್ಸಿದ್ದವನಿಗೂ ಬಾಯಿಗೆ ಬರಲು ಒಂದು ಮಾತು ಬೇಕಲ್ವಾ?

ಈಗ ನಮ್ಮ ಮಹಡಿಯಲ್ಲಿ

ಮೊದಲು ವಿಸಿಟಿಂಗ್ ಕಾರ್ಡಿನಿಂದ ‘ಸೆನ್ಸೈ’, ಅಂದರೆ ಗುರುಗಳು, ಅನ್ನುವ ಪದ ತೆಗೆಸಿದೆ. ಜಪಾನಿನಲ್ಲಿ ಅದು ಬೇರೆಯವರು ನಮ್ಮನ್ನು ಕರೆಯುವ ಪದ, ನಮ್ಮ ಹೆಸರಿಗೆ ನಾವೇ ಹಚ್ಚಿಕೊಳ್ಳುವುದಿಲ್ಲ. ಫೋನ್ ಎತ್ತಿ ‘ನಾನು ರಾಮರಾಯರು ಮಾತಾಡ್ತಿದ್ದಾರೆ’ ಅಂತ ಯಾರೂ ಹೇಳುವುದಿಲ್ಲವಲ್ಲ, ಹಾಗೆ. ಇಷ್ಟು ವರ್ಷ ಅದು ನನಗೆ ಗೊತ್ತಿದ್ದೂ ಬಿಟ್ಟಿರಲಿಲ್ಲ.

ಬೆಳಗಿನ ಬ್ಯಾಚಿನಲ್ಲಿ ಬಸ್ ಡಿಪೋದಲ್ಲಿ ಕೆಲಸ ಮಾಡಿ ರಿಟೈರ್ ಆದ ಒಬ್ಬರಿದ್ದಾರೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರ ಹತ್ತಿರ ಮೊದಲೆಲ್ಲ ನನಗೆ ಭಾಷೆಯೇ ಇರಲಿಲ್ಲ. ಮಕ್ಕಳ ಜೊತೆ ಕೂಗಿದ ಹಾಗೆ ಕೂಗಲಾರೆ. ಕೂಗದಿದ್ದರೆ ತಿದ್ದುವುದು ಹೇಗೆ ಗೊತ್ತಿಲ್ಲ. ಅದಕ್ಕೆ ಅವರನ್ನು ತಿದ್ದದೆ ಸುಮ್ಮನೆ ದಾಟಿ ಹೋಗುತ್ತಿದ್ದೆ. ಅದನ್ನೇ ಮರ್ಯಾದೆ ಅಂದುಕೊಂಡಿದ್ದೆ. ಅವರು ಎಂಟು ತಿಂಗಳು ಒಂದೇ ತಪ್ಪು ಮಾಡುತ್ತಲೇ ಇದ್ದರು. ಹಿಂದಿನ ಪಾದ ಹೊರಕ್ಕೆ ತಿರುಗುತ್ತಿತ್ತು, ಮಂಡಿ ನೋಯುತ್ತಿತ್ತು. ಈಗ ಹತ್ತಿರ ಹೋಗಿ, "ಸಾರ್, ಸ್ವಲ್ಪ ಕಾಲು ಮುಟ್ತೀನಿ" ಅಂತ ಕೂತು ಪಾದ ಸರಿ ಮಾಡುತ್ತೇನೆ. "ಬಲವಂತ ಬೇಡ, ಆದಷ್ಟು ಬಗ್ಗಿಸಿ ನೋಡಿ." ಮೊದಲ ಸಲ ಹಾಗೆ ಮಾಡಿದಾಗ ಅವರು, "ನಂಗೆ ಯಾರೂ ಏನೂ ಹೇಳಲ್ವಲ್ಲ, ನಂದು ಸರಿಯಾಗಿದೆ ಅಂದ್ಕೊಂಡಿದ್ದೆ" ಅಂದರು. ನನಗೆ ತುಂಬಾ ನೋವಾಯಿತು.

ಮಕ್ಕಳ ಬ್ಯಾಚಿನಲ್ಲಿ ಎಣಿಕೆ, ಹುಕುಂ ಹಾಗೇ ಇವೆ. ಒಬ್ಬೊಬ್ಬರ ಹತ್ತಿರ ಹೋದಾಗ ಕನ್ನಡ. "ಛೇ, ಒಂಚೂರಲ್ಲಿ ತಪ್ತು, ಇನ್ನೊಂದ್ಸಲ ಮಾಡಿ ನೋಡಪ್ಪ." ಕ್ಲಾಸು ಮುಗಿದ ಮೇಲೆ ಎಲ್ಲರೂ ಸೇರಿ "ಅರಿಗತೊ ಗೊಝೈಮಶಿತ" ಅನ್ನುತ್ತೇವೆ, ನಾನೂ ಅನ್ನುತ್ತೇನೆ. ಆಮೇಲೆ ಬಾಗಿಲಲ್ಲಿ ನಿಂತು ಮಕ್ಕಳನ್ನು ಕಳಿಸುವಾಗ, ನಾಹಾದ ಗುರುಗಳು ಹೇಳುತ್ತಿದ್ದ ಮಾತೇ ಹೇಳುತ್ತೇನೆ. "ಕಿ ಓ ತ್ಸುಕೆತೆ." ಹುಷಾರು, ಹೋಗಿ ಬನ್ನಿ. ಕಿಯೋತ್ಸ್ಕೆ ಮತ್ತು ಕಿ ಓ ತ್ಸುಕೆತೆ ಎರಡೂ ಒಂದೇ ಮಾತು, ಮನಸ್ಸಿಡು ಅಂತ. ಒಂದಕ್ಕೆ ಆ ‘ತೆ’ ಇದೆ, ಇನ್ನೊಂದಕ್ಕೆ ಇಲ್ಲ. ಅಷ್ಟೇ. ಅವರು ಆ ‘ತೆ’ಯನ್ನು ಬಾಗಿಲ ಹತ್ತಿರ ಸ್ವಲ್ಪ ಎಳೆದು ಹೇಳುತ್ತಿದ್ದರು, ಮಳೆ ಬಂದರೆ ಕೈಗೆ ಕೊಡೆ ಕೊಟ್ಟು.

ಒನೆಗೈಶಿಮಸ್‌ಗೆ ಮಾತ್ರ ನನಗೆ ಇನ್ನೂ ಕನ್ನಡ ಸಿಕ್ಕಿಲ್ಲ. ‘ಕಲಿಸಿಕೊಡಿ’ ಅಂತ ಮಕ್ಕಳು ಅನ್ನಬಹುದು, ಆದರೆ ಅದನ್ನೇ ನಾನು ತಿರುಗಿ ಅನ್ನುವುದು ಹೇಗೆ? ಎರಡೂ ಕಡೆಯಿಂದ ಒಂದೇ ಸಲ ಹೇಳುವಂಥ ಮಾತು ಬೇಕು. ಅದಕ್ಕೇ ಜಪಾನೀಸ್‌ನಲ್ಲೇ ಉಳಿಸಿಕೊಂಡಿದ್ದೇವೆ. ಅಜ್ಜಿಯ ಆ ಮೊಮ್ಮಗನಿಗೆ ಈಗ ಏಳು. ಮನೆಯಲ್ಲಿ ಈಗಲೂ ಕೂಗುತ್ತಾನಂತೆ. ಹೋದ ಶನಿವಾರ ನಾವೆಲ್ಲ ಬಗ್ಗಿ ಎದ್ದ ಮೇಲೆ ಅವನು ಕೈ ಎತ್ತಿದ. "ಸರ್, ನೀವ್ಯಾಕೆ ನಮ್ಗೆ ಒನೆಗೈಶಿಮಸ್ ಅಂತೀರ? ನಿಮ್ಗೆ ಎಲ್ಲಾ ಬರುತ್ತಲ್ಲ?"

"ನಾನೂ ಕೇಳ್ಕೋತಾ ಇದೀನಪ್ಪ" ಅಂದೆ. "ನಿಂದು ಒಂದು ಗಂಟೆ ನಂಗೆ ಕೊಡು ಅಂತ."

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಸರಿ, ಕೊಟ್ಟೆ" ಅಂದು ಎದ್ದು ಸಾಲಿನಲ್ಲಿ ನಿಂತುಕೊಂಡ.